ಘಟ್ಟ ಹತ್ತಿ ಬಂದ ಕಡಲು

ಕುಂದೂರಿನ ಮಳೆ ಮೂಡಲಿಗೆ ಹರಿಯುತ್ತದೆ. ಆಲೂರು ಸೀಮೆಯ ನಮ್ಮ ಹಳ್ಳಗಳು ಹೇಮಾವತಿಗೆ ಸೇರಿ, ಗೊರೂರಿನ ಅಣೆಕಟ್ಟೆಯಲ್ಲಿ ಕೆಲಕಾಲ ನಿಂತು, ಆಮೇಲೆ ಕಾವೇರಿಯ ಜೊತೆ ಬಂಗಾಳಕೊಲ್ಲಿಯ ದಾರಿ ಹಿಡಿಯುತ್ತವೆ. ಸಕಲೇಶಪುರ ದಾಟಿ ಘಟ್ಟದ ಅಂಚಿನಾಚೆ ಬಿದ್ದ ಹನಿ ಮಾತ್ರ ಕೆಂಪುಹೊಳೆಗಿಳಿದು, ನೇತ್ರಾವತಿ ಸೇರಿ, ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಮುಟ್ಟುತ್ತದೆ. ನೀರಿನ ಲೆಕ್ಕದಲ್ಲಿ ನಾವು ಪಡುವಣ ಕಡಲಿಗೆ ಏನೂ ಆಗಬೇಕಾದವರಲ್ಲ. ಊಟದ ಲೆಕ್ಕದಲ್ಲಿ ಮಾತ್ರ ನಮ್ಮ ಮನೆಗೆ ಅದಕ್ಕಿಂತ ಹತ್ತಿರದ ನೆಂಟರಿರಲಿಲ್ಲ.

ಘಟ್ಟದ ಕೆಳಗಿನಿಂದ ಮೊದಲು ಬಂದದ್ದು ಹಸಿಮೀನಲ್ಲ. ಅಜ್ಜಿ ತನ್ನ ಹುಡುಗಿತನದ ಕಾಲವನ್ನು ಹೇಳುವಾಗ ಎತ್ತಿನ ಗಾಡಿಗಳ ಮಾತು ಬರುತ್ತಿತ್ತು. ಮೇಲಿನಿಂದ ಅಕ್ಕಿ, ಮೆಣಸು, ಏಲಕ್ಕಿ ಇಳಿಯುತ್ತಿದ್ದವು. ಕೆಳಗಿನಿಂದ ಉಪ್ಪು, ತೆಂಗಿನಕಾಯಿ, ಒಣಮೀನು, ಚಿಪ್ಪಿನ ಸುಣ್ಣ ಹತ್ತುತ್ತಿದ್ದವು. 1792ರಲ್ಲಿ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆ ನಿಂತಿರುವುದೇ ಮಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವಿನ ಈ ದಾರಿಯನ್ನು ಕಾಯಲು. ಆ ಸುಣ್ಣವೂ ಕಡಲಿನದೇ ಎಂದು ನನಗೆ ತಿಳಿದದ್ದು ತಡವಾಗಿ. ಅಳಿವೆಗಳಲ್ಲಿ ಹೆಕ್ಕಿದ ಮರುವಾಯಿ ಚಿಪ್ಪನ್ನು ಸುಟ್ಟರೆ ಬರುವ ಬಿಳಿ ಸುಣ್ಣ ಅದು. ಅಜ್ಜಿಯ ಎಲೆಅಡಿಕೆಗೆ ಅದೇ, ಮಳೆಗಾಲಕ್ಕೆ ಮುಂಚೆ ಮೈಲುತುತ್ತದ ಜೊತೆ ಕಲಸಿ ಅಡಿಕೆ ಗೊನೆಗೆ ಹೊಡೆಯುವ ಔಷಧಿಗೂ ಅದೇ. ಮೀನು ತಿನ್ನದ ಮನೆಗಳಿಗೂ ಕಡಲು ಹೀಗೆ ಬಂದು ಸೇರಿತ್ತು.

ಹಸಿಮೀನು ಬರತೊಡಗಿದ್ದು ಲಾರಿ, ಐಸು ಎರಡೂ ಬಂದ ಮೇಲೆ. ಸಕಲೇಶಪುರಕ್ಕೂ ಮಂಗಳೂರಿಗೂ ಸುಮಾರು 130 ಕಿಲೋಮೀಟರ್. ಸಂಜೆ ಧಕ್ಕೆಯಲ್ಲಿ ತುಂಬಿದ ಲಾರಿ ಶಿರಾಡಿ ಘಾಟಿಯನ್ನು ರಾತ್ರಿ ಹತ್ತಿ ಬೆಳಗಿನ ಜಾವ ಪೇಟೆ ಸೇರುತ್ತಿತ್ತು. ಅಲ್ಲಿಂದ ಬುಟ್ಟಿಗಳು ಸೈಕಲ್ಲಿನ ಹಿಂದೆ, ಬಸ್ಸಿನ ಟಾಪಿನ ಮೇಲೆ, ತೋಟದ ಜೀಪುಗಳಲ್ಲಿ ಊರೂರಿಗೆ ಹಂಚಿಹೋಗುತ್ತಿದ್ದವು. ನಮ್ಮ ಕಡೆಗೆ ಬರುತ್ತಿದ್ದವರು ಒಬ್ಬ ಬ್ಯಾರಿ ಹಿರಿಯರು. ಮಕ್ಕಳಾದ ನಮಗೆ ಅವರು ಕಾಕ, ಅಜ್ಜಿಗೆ ಸಾಬ್ರು. ಸೈಕಲ್ಲಿನ ರಬ್ಬರು ಹಾರನ್ನಿನ ಪೋಂ ಪೋಂ ಸದ್ದು ಕಾಫಿ ತೋಟದ ತಿರುವಿನಲ್ಲಿ ಕೇಳಿದರೆ ನಾಯಿ, ಬೆಕ್ಕು, ಮಕ್ಕಳು ಎಲ್ಲ ಒಟ್ಟಿಗೆ ಅಂಗಳಕ್ಕೆ ಬರುತ್ತಿದ್ದೆವು.

ಅಜ್ಜಿ ಬುಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಮೊದಲು ಕೈ ಹಾಕುತ್ತಿದ್ದುದು ಮೀನಿನ ಕಿವಿರಿಗೆ. ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿ ತಿಳಿಯಾಗಿರಬೇಕು, ಹೊಟ್ಟೆ ಒತ್ತಿದರೆ ಬೆರಳಿನ ಗುರುತು ಉಳಿಯಬಾರದು. ಆ ಪರೀಕ್ಷೆ ಮುಗಿದ ಮೇಲೆ ಮಾತು ಶುರು.

“ಎಲ್ಲೀದು ಸಾಬ್ರೆ ಇದು?”

“ಉಳ್ಳಾಲದ ಕಡೆಯದ್ದು ಅಮ್ಮ. ನೆಯ್ಯಿ ಉಂಟು, ನೋಡಿ. ಈಗ ಇದರದ್ದೇ ದಿವಸ.”

ಈ ಎರಡು ಸಾಲಿನಲ್ಲಿ ಮೀನಿನ ಬಗ್ಗೆ ತಿಳಿಯಬೇಕಾದದ್ದೆಲ್ಲ ಇತ್ತು ಎಂದು ನನಗೆ ಈಗ ಅನಿಸುತ್ತದೆ. ಯಾವ ನೀರಿನದು, ಏನು ತಿಂದು ಮೈ ಕಟ್ಟಿದೆ, ಈ ತಿಂಗಳು ಅದರ ತಿಂಗಳೇ ಅಲ್ಲವೇ. ಕಡಲನ್ನು ಒಮ್ಮೆಯೂ ಕಾಣದ ಅಜ್ಜಿಗೆ ಕಡಲಿನ ಪಂಚಾಂಗ ಬಾಯಿಗೆ ಬರುತ್ತಿತ್ತು. ಅದನ್ನು ಕಲಿಸಿದವರು ಕಾಕ. ಉಳಿದ ಪಾಠ ಸಾರಿನ ಮಡಕೆಯದು.

ನಮ್ಮ ಮನೆಗೆ ಅತಿ ಹೆಚ್ಚು ಬಂದ ಮೀನು ಬೂತಾಯಿ. ಬೆಲೆ ಕಡಿಮೆ, ಮನೆ ತುಂಬ ಜನ, ಜೊತೆಗೆ ತೋಟದ ಆಳುಗಳ ಊಟ. ಅವ್ವ ಅಂಗೈಗೆ ಒಲೆಯ ಬೂದಿ ಹಚ್ಚಿಕೊಂಡು, ಜಾರುವ ಮೀನನ್ನು ಹಿತ್ತಿಲ ಒರಟು ಕಲ್ಲಿನ ಮೇಲೆ ಉಜ್ಜುತ್ತಿದ್ದಳು. ಹೊರೆ ಬೆಳ್ಳಿ ಚೂರಿನ ಹಾಗೆ ಕೈಗೆಲ್ಲ ಅಂಟುತ್ತಿತ್ತು. ತಲೆ ಮುರಿದು ಎಳೆದರೆ ಕರುಳೂ ಅದರ ಜೊತೆಗೇ ಬರಬೇಕು. ಹೊಟ್ಟೆಯ ಒಳಗೋಡೆಯ ಕಪ್ಪು ಪೊರೆಯನ್ನು ಹೆಬ್ಬೆರಳಿನಿಂದ ಒರೆಸಿ ತೆಗೆಯದಿದ್ದರೆ ಸಾರು ಕಹಿ ಎಂದು ಅವಳ ನಂಬಿಕೆ. ಕಾಯಿ ಹಾಕದೆ, ಒಣಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ ನುಣ್ಣಗೆ ಅರೆದು, ಹುಣಸೆ ಕಿವುಚಿ ಮಾಡಿದ ಸಾರಿನ ಮೇಲೆ ಕೆಂಪು ಎಣ್ಣೆ ತೇಲುತ್ತಿತ್ತು. ಅವ್ವ ಹಾಕಿದ್ದು ಒಂದು ಚಮಚ ಎಣ್ಣೆ, ಉಳಿದದ್ದೆಲ್ಲ ಮೀನಿನದು.

ಆ ಎಣ್ಣೆ ಎಲ್ಲಿಂದ ಬಂತು ಎಂದು ಓದಿ ತಿಳಿದಾಗ ನನಗೆ ಆದ ಸಂತೋಷ ಹೇಳತೀರದು. ನಮ್ಮ ಕಾಫಿ ಗಿಡಗಳ ಮೇಲೆ ಸುರಿಯುವ ಮುಂಗಾರು ಗಾಳಿಯೇ ಪಡುವಣ ಕರಾವಳಿಯ ಮೇಲ್ನೀರನ್ನು ದೂರ ಸರಿಸುತ್ತದೆ. ಖಾಲಿಯಾದ ಜಾಗಕ್ಕೆ ತಳದ ತಣ್ಣನೆಯ ನೀರು ಮೇಲೇಳುತ್ತದೆ. ತಳದಲ್ಲಿ ಕೂತಿದ್ದ ಸಾರವೆಲ್ಲ ಬಿಸಿಲಿಗೆ ಬಂದಾಗ ಕಣ್ಣಿಗೆ ಕಾಣದ ಪಾಚಿಜೀವಿಗಳು, ಡಯಾಟಮ್‌ಗಳು, ಹೊಲ ಹಸಿರಾದಂತೆ ಹರಡಿಕೊಳ್ಳುತ್ತವೆ. ಬೂತಾಯಿ ಇವನ್ನೇ ಸೋಸಿ ತಿಂದು ಬದುಕುವ ಮೀನು. ಫ್ರಾಗಿಲೇರಿಯಾ ಓಷಿಯಾನಿಕಾ ಎಂಬ ಒಂದು ಡಯಾಟಮ್ ದಂಡಿಯಾಗಿ ಬಂದರೆ ಆ ವರ್ಷ ಬೂತಾಯಿಯೂ ದಂಡಿ ಎಂದು ನಮ್ಮ ವಿಜ್ಞಾನಿಗಳು 1950ರ ದಶಕದಲ್ಲೇ ಗುರುತಿಸಿದ್ದರು. ಮಳೆಗಾಲದಲ್ಲಿ ಮೊಟ್ಟೆಯಿಟ್ಟು ಸೊರಗಿದ ಮೀನು ಈ ಮೇವು ತಿಂದು ಮಳೆ ಕಳೆದ ಮೇಲೆ ಮೈತುಂಬಿಕೊಳ್ಳುತ್ತದೆ. ಕಾಕ “ಇದರದ್ದೇ ದಿವಸ” ಎನ್ನುತ್ತಿದ್ದುದು ಆ ತಿಂಗಳುಗಳನ್ನು. ಮೇ ತಿಂಗಳ ಬೂತಾಯಿಗೂ ದೀಪಾವಳಿಯ ಬೂತಾಯಿಗೂ ಇರುವ ಅಂತರ ಮಸಾಲೆಯಿಂದ ಮುಚ್ಚುವಂಥದ್ದಲ್ಲ.

ಹೆಚ್ಚು ಬಿದ್ದ ವರ್ಷ ಈ ಮೀನನ್ನು ಬೇಯಿಸಿ ಎಣ್ಣೆ ತೆಗೆಯುತ್ತಿದ್ದರು. ದೋಣಿಯ ಹಲಗೆಗೆ ಬಳಿಯಲು ಆ ಎಣ್ಣೆ, ಹಿಂಡಿದ ಮೇಲೆ ಉಳಿದ ಚರಟ ತೆಂಗಿನ ಬುಡಕ್ಕೆ. ಕಾಫಿ ತೋಟಗಳಿಗೂ ಮೀನಿನ ಗೊಬ್ಬರ ಹೋಗುತ್ತಿದ್ದ ಕಾಲವೊಂದಿತ್ತು. ಕಡಲಿನ ಡಯಾಟಮ್ ಬೂತಾಯಿಯಾಗಿ, ಬೂತಾಯಿ ಗೊಬ್ಬರವಾಗಿ, ಗೊಬ್ಬರ ಕಾಫಿ ಹಣ್ಣಾದ ಆ ದಾರಿಯನ್ನು ನೆನೆದಾಗಲೆಲ್ಲ ಘಟ್ಟದ ಮೇಲು, ಘಟ್ಟದ ಕೆಳಗು ಎಂದು ನಾವು ಬೇರೆ ಮಾಡಿ ಆಡುವ ಮಾತು ನನಗೆ ಸಡಿಲವಾಗಿ ಕಾಣುತ್ತದೆ.

ಬೂತಾಯಿ ದಿನದ ಮೀನಾದರೆ ಬಂಗುಡೆ ಹಬ್ಬದ್ದು. ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಮೀನು, ಮಾಂಸ ಇರಲಿಲ್ಲ. ಗೌರಿ ಗಣೇಶ ಮುಗಿದು ಪಕ್ಷ ಬಂದರೆ ಹಿರಿಯರಿಗೆ ಎಡೆ ಇಡುವ ಕಾರ್ಯ. ಅಜ್ಜ ತೀರಿಕೊಂಡ ಮೇಲೆ ಮಹಾಲಯ ಅಮಾವಾಸ್ಯೆಯ ಎಡೆಯಲ್ಲಿ ಕಡುಬು, ಕೋಳಿ ಸಾರು, ಕಜ್ಜಾಯ, ಹೊಸ ಪಂಚೆ, ಬೀಡಿಕಟ್ಟು ಇವುಗಳ ಜೊತೆಗೆ ಒಂದು ಇಡೀ ಹುರಿದ ಬಂಗುಡೆ ತಪ್ಪದೆ ಇರುತ್ತಿತ್ತು. ಅದು ಅಜ್ಜನಿಗೆ ಇಷ್ಟವಾದದ್ದು. ಅಜ್ಜಿ ಅದಕ್ಕೆ ಮೂರು ಗೀರು ಹಾಕಿ, ಮೆಣಸಿನ ಖಾರ, ಅರಿಶಿನ, ಹುಳಿ ತುಂಬಿ, ಬಾಳೆಎಲೆಯಲ್ಲಿ ಸುತ್ತಿ ಕಾವಲಿಯ ಮೇಲೆ ಇಡುತ್ತಿದ್ದಳು. ಬಾಗಿಲು ಹಾಕಿಕೊಂಡು, ಹಿರಿಯರು ಬಂದು ಉಂಡುಹೋಗಲೆಂದು ನಾವೆಲ್ಲ ಹೊರಗೆ ಕಾಯುವಾಗ ಕಿಂಡಿಯಿಂದ ಬರುತ್ತಿದ್ದುದು ಆ ಬಂಗುಡೆಯ ವಾಸನೆ.

ಪಕ್ಷದ ಹೊತ್ತಿಗೆ ಬಂಗುಡೆ ಸಿಗುತ್ತಿದ್ದುದಕ್ಕೂ ಕಾರಣ ಕಡಲೇ. ಮಳೆ ಇಳಿದ ಮೇಲೆ ಬಂಗುಡೆಯ ಹಿಂಡು ದಡದ ಹತ್ತಿರಕ್ಕೆ ಮೇಯಲು ಬರುತ್ತದೆ. ಅದರ ಕಿವಿರಿನ ಒಳಗೆ ಬಾಚಣಿಗೆಯ ಹಲ್ಲಿನಂಥ ಉದ್ದನೆಯ ಕಡ್ಡಿಗಳಿವೆ. ಬಾಯಿ ತೆರೆದು ಈಜಿದರೆ ನೀರು ಸೋರಿಹೋಗಿ ಸಣ್ಣ ಜೀವಿಗಳು ಒಳಗೆ ಉಳಿಯುತ್ತವೆ. ಎಡೆಬಿಡದೆ ಈಜುವ ಮೀನಾದ್ದರಿಂದ ಬಂಗುಡೆಯ ಪಕ್ಕೆಯಲ್ಲಿ ಕಪ್ಪುಗೆಂಪು ಮಾಂಸದ ಒಂದು ಪಟ್ಟಿ ಇರುತ್ತದೆ. ಅಜ್ಜಿ ಮುಳ್ಳು ಬಿಡಿಸಿ ನಮ್ಮ ಬಾಯಿಗಿಡುವಾಗ “ಕಪ್ಪುದು ಬಿಡಬೇಡ, ಅದ್ರಲ್ಲೇ ಸತ್ವ” ಎನ್ನುತ್ತಿದ್ದಳು. ಮೀನು ದುಡಿದ ಜಾಗ ಅದು. ರುಚಿ ಗಟ್ಟಿಯಾಗಿರುವುದೂ ಅಲ್ಲೇ.

ಕಡಲಿನ ಮೀನು ಬಾರದ ತಿಂಗಳುಗಳಲ್ಲಿ ನಮ್ಮ ನೀರೇ ನಮಗೆ ಊಟ ಕೊಡುತ್ತಿತ್ತು. ಜೂನಿನ ಮೊದಲ ಜಡಿಮಳೆಗೆ ಹಳ್ಳ ಕೆಂಪಾಗಿ ಗದ್ದೆಯ ಬದುವಿನವರೆಗೂ ಏರಿದಾಗ ಹೊಳೆಯ ಮೀನು ಮೊಟ್ಟೆಯಿಡಲು ನೀರಿಗೆದುರಾಗಿ ಹತ್ತಿ ಬರುತ್ತದೆ. ಹತ್ತುಮೀನು ಎಂದರೆ ಊರಿಗೆ ಊರೇ ರಾತ್ರಿ ಗ್ಯಾಸ್‌ಲೈಟ್ ಹಿಡಿದು ಗದ್ದೆಗೆ ಇಳಿಯುತ್ತಿತ್ತು. ತೂಬಿನ ಬಾಯಿಗೆ ಬಿದಿರಿನ ಕೂಣಿ ಒಡ್ಡುತ್ತಿದ್ದರು. ಅಪ್ಪಯ್ಯ ಕೂಣಿಯನ್ನು ಬೆಳಗಿನವರೆಗೆ ಬಿಡುತ್ತಿರಲಿಲ್ಲ. ಒಂದು ಸಾರಿಗೆ ಆಗುವಷ್ಟು ಬಿದ್ದ ಮೇಲೆ ಎತ್ತಿ ಬದುವಿನ ಮೇಲೆ ಇಡುತ್ತಿದ್ದರು. “ಹತ್ತೋವು ಹತ್ಲಿ, ಮುಂದಿನ ವರ್ಷಕ್ಕೂ ನಾವು ಇರ್ತೀವಲ್ಲ” ಎನ್ನುವುದು ಅವರ ಮಾತು. ಅದೇ ವಾರಗಳಲ್ಲಿ ಕೆಳಗೆ ಕಡಲಿನಲ್ಲಿ ಬೂತಾಯಿಯೂ ಮೊಟ್ಟೆಗೆ ಕೂತಿರುತ್ತದೆ. ಒಂದೇ ಮುಂಗಾರು ಎರಡೂ ನೀರಿನ ಮೀನನ್ನು ಬಸಿರಿಗೆ ಎಬ್ಬಿಸುತ್ತದೆ ಎನ್ನುವುದು ಆಗ ಅಪ್ಪಯ್ಯನಿಗೆ ಗೊತ್ತಿತ್ತೋ ಇಲ್ಲವೋ. ಅವರು ನಡೆದುಕೊಂಡದ್ದು ಗೊತ್ತಿದ್ದವರ ಹಾಗೆ.

ಮಳೆ ಹದಕ್ಕೆ ಬಂದರೆ ಗದ್ದೆ ಏಡಿಯ ಸರದಿ. ಬದುವಿನ ಬಿಲಕ್ಕೆ ಕೈ ಹಾಕಿ ಏಡಿ ಹಿಡಿಯುವುದನ್ನು ಚಿಕ್ಕಪ್ಪ ಕಲಿಸಿದರು. ಹಿಡಿದ ಏಡಿ ಹೆಣ್ಣಾಗಿದ್ದು, ಹೊಟ್ಟೆಯ ಮಡಿಕೆ ಬಿಡಿಸಿದಾಗ ಒಳಗೆ ಸಾಸಿವೆ ಗಾತ್ರದ ಮರಿಗಳು ಗಿಜಿಗುಟ್ಟಿದರೆ ಅದನ್ನು ಹಾಗೇ ಬಿಲಕ್ಕೆ ಬಿಡಬೇಕು. ಈ ಮರಿಗಳು ಮೊಟ್ಟೆಯಿಂದಲೇ ಪೂರ್ತಿ ಏಡಿಯಾಗಿ ಹೊರಬರುತ್ತವೆ. ಕಡಲೇಡಿಯ ಮರಿ ಹಾಗಲ್ಲ. ಅದು ಏಡಿಯ ಗುರುತೇ ಇಲ್ಲದ ಸಣ್ಣ ಜೀವಿಯಾಗಿ ನೀರಿನಲ್ಲಿ ತೇಲಿ, ಪೊರೆ ಬಿಟ್ಟು ಬಿಟ್ಟು, ರೂಪ ಬದಲಿಸಿ ಕೊನೆಗೆ ಏಡಿಯಾಗುತ್ತದೆ. ತೇಲುವ ಮರಿಯನ್ನು ಹಳ್ಳದ ಸೆಳವಿಗೆ ಬಿಟ್ಟರೆ ಅದು ಎಲ್ಲಿ ಹೋಗಿ ಮುಟ್ಟೀತು? ಬೆಟ್ಟದ ಏಡಿ ಅದಕ್ಕೇ ಮರಿಗಳನ್ನು ಹೊಟ್ಟೆಗೆ ಕಟ್ಟಿಕೊಂಡು ಸಾಕುವುದನ್ನು ಕಲಿತಿದೆ. ಇದರ ಮಾಂಸ ಕಡಿಮೆ, ಸಿಹಿ ಸಣ್ಣದು. ಒರಳಲ್ಲಿ ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಕಾಳುಮೆಣಸು ಹಾಕಿ ಮಾಡಿದ ರಸ ಥಂಡಿಗೆ, ಕೆಮ್ಮಿಗೆ ನಮ್ಮ ಕಡೆ ಹೆಸರಾದ ಮನೆಮದ್ದು.

ಹೊಳೆ, ಕೆರೆಯ ಮೀನಿಗೆ ಇರುವ ಕೆಸರು ವಾಸನೆಯನ್ನು ಘಟ್ಟದ ಕೆಳಗಿನವರು ಸಹಿಸುವುದಿಲ್ಲ. ನಾನು ಅದನ್ನು ಬೇರೆ ಬಗೆಯಲ್ಲಿ ನೋಡುತ್ತೇನೆ. ನೀರು, ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಎಂಬ ವಸ್ತು ಮೀನಿನ ಮೈಯಲ್ಲಿ ಸೇರಿಕೊಳ್ಳುವುದರಿಂದ ಬರುವ ವಾಸನೆ ಅದು. ಮಾರ್ಚಿನಲ್ಲಿ ಹೂಮಳೆ ಬಿದ್ದಾಗ ನೆಲದಿಂದ ಏಳುವ ಘಮಕ್ಕೂ ಮುಖ್ಯ ಕಾರಣ ಅದೇ ಜಿಯೋಸ್ಮಿನ್. ಅಂಗಳದಲ್ಲಿ ನಿಂತು ಎದೆ ತುಂಬ ಎಳೆದುಕೊಳ್ಳುವ ವಾಸನೆ ತಟ್ಟೆಗೆ ಬಂದರೆ ಮಾತ್ರ ಮೂಗು ಮುರಿಯುತ್ತೇವೆ. ಹುಳಿ ಬಿದ್ದರೆ ಜಿಯೋಸ್ಮಿನ್ ಮುರಿಯುತ್ತದೆ. ಕೆರೆಮೀನಿಗೆ ಅಜ್ಜಿ ಹುಣಸೆ ಬಿಟ್ಟು ಕಾಚಂಪುಳಿಯನ್ನೇ ಹಾಕುತ್ತಿದ್ದಳು. ಯಸಳೂರು ಕಡೆಯ ನೆಂಟರು ಸೀಸೆಯಲ್ಲಿ ತರುತ್ತಿದ್ದ, ಹಣ್ಣಿನ ರಸ ಕುದಿಸಿ ಕುದಿಸಿ ಟಾರಿನಷ್ಟು ಕಪ್ಪಾದ ಹುಳಿ ಅದು. ನಾಲ್ಕು ಹನಿ ಸಾಕು.

ಕಡಲಮೀನಿನ ವಾಸನೆಯ ಕಥೆ ಇನ್ನೊಂದು. ಉಪ್ಪುನೀರಿನಲ್ಲಿ ಬದುಕುವ ಜೀವಿಗೆ ಮೈಯ ನೀರನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಅದಕ್ಕಾಗಿ ಅದು ತನ್ನ ಜೀವಕೋಶಗಳಲ್ಲಿ ಕೆಲವು ಅಮೈನೋ ಆಮ್ಲಗಳನ್ನೂ ಇನ್ನಿತರ ವಸ್ತುಗಳನ್ನೂ ಕೂಡಿಡುತ್ತದೆ. ಕಡಲಮೀನಿನ, ಸಿಗಡಿಯ, ಏಡಿಯ ಸಿಹಿ ಬರುವುದು ಬಹುಪಾಲು ಅಲ್ಲಿಂದ. ಮೀನು ಸತ್ತು ಹೊತ್ತು ಕಳೆದಂತೆ ಹಾಗೆ ಕೂಡಿಟ್ಟ ಒಂದು ವಸ್ತು ಒಡೆದು ಟ್ರೈಮೀಥೈಲಮೀನ್ ಆಗುತ್ತದೆ, ಅದೇ ನಾವು ಮೀನು ವಾಸನೆ ಎನ್ನುವುದು. ತಾಜಾ ಕಡಲಮೀನಿಗೆ ಆ ನಾತವಿರುವುದಿಲ್ಲ. ಇದನ್ನು ನಾನು ನಂಬಿದ್ದು ಮಂಗಳೂರಿನ ಧಕ್ಕೆಯಲ್ಲಿ ನಿಂತು ಮೂಸಿ ನೋಡಿದ ಮೇಲೆ.

1980ರ ದಶಕದಲ್ಲಿ ಕಾಲೇಜು ಓದಲು ಘಟ್ಟ ಇಳಿದೆ. ಬುಟ್ಟಿಯ ತಳದಲ್ಲಿ ನೋಡಿದ್ದ ಮೀನುಗಳನ್ನು ಅವುಗಳ ಊರಿನಲ್ಲಿ ನೋಡಿದ್ದು ಆಗ. ಬೆಳಗಾಗುವ ಮುಂಚೆ ಧಕ್ಕೆಗೆ ಹೋದರೆ ಬೋಟುಗಳಿಂದ ಬುಟ್ಟಿಗಳು ಇಳಿಯುತ್ತಿದ್ದವು. ಏಲಂ ಕೂಗು, ಐಸು ಕುಟ್ಟುವ ಸದ್ದು, ತುಳು, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲ ಒಟ್ಟಿಗೆ. ಬುಟ್ಟಿಯ ಮುಂದೆ ಕೂತ ಮೊಗವೀರ ಹೆಂಗಸರು ನನ್ನ ಗುರುಗಳಾದರು. ಘಟ್ಟದ ಮೇಲಿನ ಮಗು ಎಂದು ಗೊತ್ತಾದ ಮೇಲೆ ಅವರಲ್ಲೊಬ್ಬರು, ನಾನು ಮೀನು ಕೊಳ್ಳದ ದಿನವೂ, ಬುಟ್ಟಿಯಲ್ಲಿರುವ ಒಂದೊಂದನ್ನೂ ಎತ್ತಿ ಹಿಡಿದು ಅದರ ಗುಣ ಹೇಳುತ್ತಿದ್ದರು.

ಕಾಣೆಯನ್ನು ಎತ್ತಿ, “ಇದು ಹೊಯ್ಗೆಯಲ್ಲಿ ಹುಗಿದು ಕೂರುವ ಮೀನು, ಬಾಯಿ ನೋಡಿ ಹೇಗೆ ಚೂಪು ಉಂಟು” ಎಂದರು. ಅಳಿವೆಯ, ದಡದ ಹತ್ತಿರದ ಮರಳು ತಳವೇ ಕಾಣೆಯ ಮನೆ. ಬೆದರಿದರೆ ಮರಳಿಗೆ ಮುಳುಗುತ್ತದೆ, ಚೂಪು ಬಾಯಿಯಿಂದ ಹುಳ, ಪುಟ್ಟ ಸಿಗಡಿ ಹೆಕ್ಕುತ್ತದೆ. ದೂರ ಓಡುವ ಕೆಲಸವಿಲ್ಲದ್ದರಿಂದ ಮಾಂಸ ಬೆಳ್ಳಗೆ, ಮೆತ್ತಗೆ, ಕೊಬ್ಬಿಲ್ಲದ್ದು. ಬಾಣಂತಿಗೂ ಕಾಯಿಲೆಯಿಂದ ಎದ್ದವರಿಗೂ ಕರಾವಳಿಯಲ್ಲಿ ಇದನ್ನೇ ಕೊಡುತ್ತಾರೆ. ರವೆ ಹೊರಳಿಸಿ ಹುರಿದ ಕಾಣೆ ಪೇಟೆಯ ಹೋಟೆಲುಗಳಲ್ಲಿ ಹೆಸರು ಮಾಡಿದೆ, ಆದರೆ ಬರೀ ಉಪ್ಪು, ಅರಿಶಿನದಲ್ಲಿ ಬೇಯಿಸಿದಾಗಲೇ ಅದರ ಸ್ವಂತ ರುಚಿ ತಿಳಿಯುವುದು.

ನಂಗು ಕೆಸರು ತಳದ ಮೀನು. ಚಪ್ಪಟೆ ನಾಲಿಗೆಯ ಆಕಾರ, ಎರಡು ಕಣ್ಣೂ ಒಂದೇ ಕಡೆ. ಮರಿಯಾಗಿದ್ದಾಗ ಎಲ್ಲ ಮೀನುಗಳಂತೆ ಒಂದೊಂದು ಕಡೆ ಒಂದೊಂದು ಕಣ್ಣಿರುತ್ತದೆ. ಬೆಳೆಯುತ್ತಾ ಬಲಗಣ್ಣು ತಲೆ ದಾಟಿ ಎಡಕ್ಕೆ ಬರುತ್ತದೆ, ಮೀನು ಮಗ್ಗುಲಾಗಿ ತಳಕ್ಕೆ ಅಂಟಿ ಬದುಕತೊಡಗುತ್ತದೆ. ಮಳೆ ಮುಗಿದ ಮೇಲೆ ದಡದ ಹತ್ತಿರ ರಾಶಿ ಬೀಳುತ್ತದೆ. ತಲೆಯ ಬಳಿ ಚರ್ಮಕ್ಕೆ ಚೂರು ಗೀರು ಹಾಕಿ, ಉಪ್ಪು ಮುಟ್ಟಿದ ಬೆರಳಿನಿಂದ ಹಿಡಿದು ಎಳೆದರೆ ಕಾಲುಚೀಲ ಬಿಚ್ಚಿದಂತೆ ಚರ್ಮ ಪೂರ್ತಿ ಬರುತ್ತದೆ. ಒಳಗೆ ಇರುವುದು ನಾಲ್ಕು ಸಾಲು ತೆಳ್ಳನೆಯ ಸಿಹಿ ಮಾಂಸ.

ಮಾಂಜಿಯ ಬಾಯಿ ಅಷ್ಟು ಸಣ್ಣದೇಕೆ ಎಂದು ಕೇಳಿದ್ದಕ್ಕೆ, “ಅದು ಕಚ್ಚಿ ತಿನ್ನುವ ಜಾತಿ ಅಲ್ಲ ಮಗಾ” ಎಂದರು. ನೀರಿನಲ್ಲಿ ತೇಲುವ ಮೃದು ಜೀವಿಗಳೇ, ಲೋಳೆಮೀನುಗಳೂ ಸೇರಿ, ಬಿಳಿ ಮಾಂಜಿಯ ಆಹಾರ. ಅದಕ್ಕೆ ತಕ್ಕಂತೆ ಮಾಂಸವೂ ಬೆಣ್ಣೆ. ಕಪ್ಪು ಮಾಂಜಿ ನೋಡಲು ಅಣ್ಣತಮ್ಮನಂತಿದ್ದರೂ ಕುಲ ಬೇರೆ, ಪಾರೆಮೀನಿನ ಕಡೆಯದು. ಮಾಂಸ ಗಟ್ಟಿ, ಸಾರಿನಲ್ಲಿ ಒಡೆಯುವುದಿಲ್ಲ, ನಮ್ಮ ಕಡೆಯ ಖಾರಕ್ಕೆ ಇದೇ ಸರಿ. ಅಂಜಲ್ ಬೇಟೆಯ ಮೀನು. ಆಳೆತ್ತರಕ್ಕೂ ಬೆಳೆಯಬಲ್ಲದು, ಬೂತಾಯಿ, ಕೊಲ್ಲತರು ಹಿಂಡುಗಳನ್ನು ಅಟ್ಟಿಸಿಕೊಂಡು ತಿನ್ನುತ್ತದೆ. ಮದುವೆ ಮನೆಯ ತಟ್ಟೆಯಲ್ಲಿ ಬರುವ ಅದರ ದುಂಡು ತುಂಡಿನ ಹಿಂದೆ ನೂರಾರು ಬೂತಾಯಿಗಳಿವೆ. ಬೂತಾಯಿ ಸೋತ ವರ್ಷ ಅಂಜಲ್ ಕೂಡ ಸೊರಗುವುದರಲ್ಲಿ ಆಶ್ಚರ್ಯವಿಲ್ಲ.

ತೊರಕೆ ನನಗೆ ಹೊಸದು. ಮೂಳೆಯೇ ಇಲ್ಲದ, ಎಲ್ಲ ಮೆದು ಎಲುಬಿನ ಅಗಲ ಮೀನು. ಉಪ್ಪುನೀರಿಗೆ ಎದುರಾಗಿ ನಿಲ್ಲಲು ಇದು ಮೈಯಲ್ಲಿ ಯೂರಿಯಾ ಕೂಡಿಡುತ್ತದೆ. ಹಳತಾದರೆ ಅದು ಅಮೋನಿಯಾ ಆಗಿ ಮೂಗಿಗೆ ಹೊಡೆಯುತ್ತದೆ. ಅದಕ್ಕೇ ತೊರಕೆಯನ್ನು ಅಂದೇ ಬೇಯಿಸಬೇಕು, ಖಾರ, ಹುಳಿ ಎರಡೂ ಮುಂದಾಗಿರಬೇಕು. ಮರುವಾಯಿ ಹೆಕ್ಕುವವರನ್ನು ನೋಡಿದ್ದು ಮೂಲ್ಕಿಯ ಹೊಳೆಯಲ್ಲಿ. ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಿನಲ್ಲಿ ನಿಂತು ಕಾಲಬೆರಳಿನಿಂದಲೇ ಚಿಪ್ಪನ್ನು ಹುಡುಕುತ್ತಿದ್ದರು. ಸಿಹಿನೀರು ಹೆಚ್ಚಿರುವ ಮೇಲಿನ ಹೊಳೆಯಲ್ಲಿ ಕಪ್ಪು ಚಿಪ್ಪಿನದು, ಉಪ್ಪು ಹೆಚ್ಚಿರುವ ಅಳಿವೆಯ ಕಡೆಗೆ ಬೇರೆ ಜಾತಿಯವು. ಅಜ್ಜಿಯ ಸುಣ್ಣದ ಡಬ್ಬಿ ನನಗೆ ನೆನಪಾದದ್ದು ಅಲ್ಲಿ.

ರಜೆಗೆ ಊರಿಗೆ ಬಂದಾಗ ಇದನ್ನೆಲ್ಲ ಅಜ್ಜಿಗೆ ಹೇಳುತ್ತಿದ್ದೆ. ಅವಳು ಕೇಳುತ್ತಿದ್ದುದು ಒಂದೇ. “ಬಂಗುಡೆಗೆ ಅವ್ರು ಏನಾಕ್ತಾರೆ?” ಕಾಯಿ, ಬ್ಯಾಡಗಿ ಮೆಣಸು, ಜೊತೆಗೆ ಜುಮ್ಮನಕಾಯಿ ಎಂದೆ. ಕೊಂಕಣಿಗರು ತೆಪ್ಪಲ ಎನ್ನುವ, ನಾಲಿಗೆ ಜುಮ್ಮೆನಿಸುವ ಆ ಕಾಯಿಯ ಮುಳ್ಳುಮರ ನಮ್ಮ ಘಟ್ಟದ ಕಾಡಿನದು. ಅಜ್ಜಿ ಗೆಲುವಿನಿಂದ ನಕ್ಕಳು. ಮೀನು ಮೇಲೆ ಬಂದರೆ ಕಾಯಿ ಕೆಳಗೆ ಹೋಗುತ್ತದೆ, ಲೆಕ್ಕ ಸರಿಯಾಯಿತು ಎಂದಳು.

ಆದರೆ ಆ ಲೆಕ್ಕ ಆಗಲೇ ತಪ್ಪತೊಡಗಿತ್ತು. ಧಕ್ಕೆಯ ಹಿರಿಯರು ರಂಪಣಿಯ ಕಾಲವನ್ನು ದುಃಖದಿಂದ ಹೇಳುತ್ತಿದ್ದರು. ರಂಪಣಿ ಎಂದರೆ ದಡದಿಂದ ಎಳೆಯುವ ಭಾರಿ ಬಲೆ, ಅದನ್ನು ಎಳೆಯಲು ಒಂದು ಊರೇ ಬೇಕು, ಸಿಕ್ಕಿದ್ದು ಊರಿಗೇ ಪಾಲು. ದಡಕ್ಕೆ ಬಂದ ಮೀನನ್ನು ಮಾತ್ರ ಅದು ಹಿಡಿಯುತ್ತಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆಗಳು ಬಂದು ಹಿಂಡು ದಡ ಮುಟ್ಟುವ ಮುಂಚೆಯೇ ಆಳದಲ್ಲಿ ಸುತ್ತುಗಟ್ಟಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಬೋಟುಗಳು ದೊಡ್ಡವಾಗಿ, ದೂರ ಹೋಗಿ, ಕೆಂಪು ಮೈಯ ದೊಡ್ಡ ಕಣ್ಣಿನ ಡಿಸ್ಕೋ ಮೀನಿನಂಥ ಆಳದ ಜಾತಿಗಳನ್ನೂ ತಂದವು. ಹಿಂದೆ ತೆಂಗಿನ ಬುಡಕ್ಕೆ ಹೋಗುತ್ತಿದ್ದುದು ಮಿಕ್ಕ ಮೀನು. ಈಗ ಎಳೆಯ ಮರಿಮೀನೂ ಮೀನುಹುಡಿ ಕಾರ್ಖಾನೆಗೆ ಹೋಗುತ್ತದೆ.

ಬೂತಾಯಿಯ ಏರಿಳಿತ ಮೊದಲಿನಿಂದಲೂ ಇತ್ತು. ಆದರೂ ನಮ್ಮ ಕಾಲದಲ್ಲಿ ಕಂಡ ಕುಸಿತ ಸಣ್ಣದಲ್ಲ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬಿದ್ದ ಈ ಮೀನು 2021ರಲ್ಲಿ ಸುಮಾರು 3,300 ಟನ್ನಿಗೆ ಇಳಿದಿತ್ತು. ಕಡಲು ಬಿಸಿಯಾದದ್ದು, ಮಳೆ, ಗಾಳಿಗಳ ಕ್ರಮ ಕೆಟ್ಟದ್ದು, ಮೊಟ್ಟೆಯಿಡುವ ಮುಂಚೆಯೇ ಹಿಡಿದದ್ದು ಎಲ್ಲ ಸೇರಿ ಆದದ್ದು. ಆಮೇಲೆ ಚೇತರಿಕೆ ಕಂಡಿದೆ. ಎರಡೂವರೆ ಮೂರು ವರ್ಷ ಬದುಕುವ ಮೀನು ಬೇಗ ಹೆಚ್ಚುತ್ತದೆ, ನಾವು ಬಿಟ್ಟರೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಸಣ್ಣ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಅಪ್ಪಯ್ಯ ಕೂಣಿ ಎತ್ತಿ ಬದುವಿನ ಮೇಲೆ ಇಡುತ್ತಿದ್ದ ವಾರಗಳೇ ಈ 61 ದಿನದಲ್ಲಿ ಇವೆ.

ಈಗ ಆಲೂರಿನಲ್ಲಿ, ಹಾಸನದಲ್ಲಿ ವರ್ಷವಿಡೀ ಎಲ್ಲ ಮೀನೂ ಸಿಗುತ್ತದೆ. ಆಷಾಢದಲ್ಲೂ ಅಂಜಲ್ ಇದೆ, ಮಾಂಜಿ ಇದೆ. ಪೂರ್ವ ಕರಾವಳಿಯದೋ, ಹೊರದೇಶದ್ದೋ, ತಿಂಗಳುಗಟ್ಟಲೆ ಶೀತಲದಲ್ಲಿ ಇಟ್ಟದ್ದೋ ಕೇಳುವವರಿಲ್ಲ. 2018ರ ಆಗಸ್ಟಿನಲ್ಲಿ ಶಿರಾಡಿ ಘಾಟಿ ಕುಸಿದು ರಸ್ತೆ ಮುಚ್ಚಿದಾಗಲೂ ಪೇಟೆಯಲ್ಲಿ ಮೀನು ನಿಲ್ಲಲಿಲ್ಲ. ಬೇರೆ ದಾರಿಯಿಂದ, ಬೇರೆ ಕಡಲಿನಿಂದ ಬಂತು. ಮನೆಯ ಮಕ್ಕಳಿಗೆ ಮೀನು ಎಂದರೆ ಮುಳ್ಳಿಲ್ಲದ ಬಿಳಿ ತುಂಡು, ಮೇಲೆ ಕೆಂಪು ಮಸಾಲೆ. ತಾಜಾತನ ನೋಡುವ ಕಣ್ಣು, ತಿಂಗಳು ನೋಡುವ ಬುದ್ಧಿ ಎರಡೂ ಬೇಡವಾಗಿವೆ. ಸಿಗುವುದು ಸುಲಭವಾದಷ್ಟೂ ರುಚಿಗಳೆಲ್ಲ ಒಂದಾಗುತ್ತ ಬಂದಿವೆ. ಇದು ನನಗೆ ನಿಜವಾಗಿ ನೋವಿನ ಸಂಗತಿ. ಮೀನಿನ ರುಚಿ ಎನ್ನುವುದು ಅದು ಬದುಕಿದ ಬದುಕೇ. ಕಾಣೆಯ ಮೆದುವು ಮರಳಿನದು, ಬಂಗುಡೆಯ ಕಪ್ಪುಮಾಂಸ ದುಡಿಮೆಯದು, ಬೂತಾಯಿಯ ಎಣ್ಣೆ ಮುಂಗಾರಿನದು, ಗದ್ದೆ ಏಡಿಯ ಸಣ್ಣ ಸಿಹಿ ನಮ್ಮ ಹಳ್ಳದ್ದು. ಇವುಗಳ ವ್ಯತ್ಯಾಸ ನಾಲಿಗೆಗೆ ತಿಳಿಯದೆ ಹೋದರೆ ಆ ಮರಳು, ಆ ಮುಂಗಾರು, ಆ ಹಳ್ಳ ಕೆಟ್ಟದ್ದೂ ನಮಗೆ ತಿಳಿಯುವುದಿಲ್ಲ.

ಹಾಗಾಗಿ ಊರಿನ ಮನೆಯಲ್ಲಿ ನಾವು ಹಳೆಯ ಕ್ರಮವನ್ನೇ ಹಿಡಿದಿದ್ದೇವೆ. ಜೂನ್, ಜುಲೈಯಲ್ಲಿ ಕಡಲಮೀನು ತರುವುದಿಲ್ಲ. ಕಳಲೆ ಪಲ್ಯ, ಒಣಸಿಗಡಿ ಚಟ್ನಿ, ಗದ್ದೆ ಉಳಿಸಿಕೊಂಡವರ ಬದುವಿನಲ್ಲಿ ಸಿಕ್ಕರೆ ಏಡಿ. ಶ್ರಾವಣ ಕಳೆದು ಪಕ್ಷ ಬಂದ ಮೇಲೆ ಬಂಗುಡೆ, ದೀಪಾವಳಿಯ ಆಸುಪಾಸಿನಲ್ಲಿ ಬೂತಾಯಿ. ಅಂಗೈಗಿಂತ ಚಿಕ್ಕ ಬಂಗುಡೆ ಎಷ್ಟು ಅಗ್ಗವಾದರೂ ಬೇಡ. ಮೀನಿನವರು ಈಗ ಮಾರುತಿ ಓಮ್ನಿಯಲ್ಲಿ ಬರುತ್ತಾರೆ, ಕಾಡಾನೆ ಓಡಾಟದ ಸುದ್ದಿ ಇದ್ದ ದಿನ ಬಿಸಿಲೇರಿದ ಮೇಲೆಯೇ ಬರುತ್ತಾರೆ. ಮೊಮ್ಮಕ್ಕಳನ್ನು ಕೂರಿಸಿಕೊಂಡು ಮೊದಲು ಕಿವಿರು ಎತ್ತಿ ತೋರಿಸುತ್ತೇನೆ, ಆಮೇಲೆ ಅವರಿಂದಲೇ ಕೇಳಿಸುತ್ತೇನೆ: ಎಲ್ಲಿಯದು, ಏನು ತಿಂದದ್ದು, ಇದು ಇದರ ತಿಂಗಳೇ? ಮಾರುವವರಿಗೂ ಈ ಪ್ರಶ್ನೆ ಇಷ್ಟವಾಗಿದೆ. ಮಲ್ಪೆಯದು, ಮಂಗಳೂರಿನದು ಎಂದು ಈಗ ಅವರೇ ಮೊದಲು ಹೇಳುತ್ತಾರೆ, ಉತ್ತರ ಗೊತ್ತಿಲ್ಲದ ಮೀನನ್ನು ನಮ್ಮ ಅಂಗಳದಲ್ಲಿ ಇಳಿಸುವುದಿಲ್ಲ. ಘಟ್ಟದ ಮೇಲೆ ಕೂತು ಕಡಲಿಗೆ ನಾವು ಮಾಡಬಹುದಾದ ಉಪಕಾರ ಇಷ್ಟು: ಅದರ ತಿಂಗಳನ್ನು ತಿಳಿದು ತಿನ್ನುವುದು, ಅದರದ್ದಲ್ಲದ ತಿಂಗಳಲ್ಲಿ ಕಾಯುವುದು. ಕಾದವರಿಗೆ ಕಡಲು ಮೋಸ ಮಾಡಿದ್ದನ್ನು ನಾನು ಕಂಡಿಲ್ಲ.